ವೆಸ್ಟರ್ನ್ ಚಿತ್ರಗಳ ಮೊದಲ ಹತ್ತು ನಿಮಿಷ: ನಮ್ಮನ್ನು ಹಿಡಿದು ಕೂರಿಸುವುದು ನೋಟವೋ, ಸದ್ದೋ?

ಬಯಲುದಾರಿ:

ಗೆಳೆಯರೇ, ವೆಸ್ಟರ್ನ್ ಎಂದರೆ ಅಮೆರಿಕದ ಪಶ್ಚಿಮ ಸೀಮೆಯ ಬಂದೂಕುಧಾರಿಗಳ, ಕುದುರೆ ಸವಾರರ ಕಥೆ ಹೇಳುವ ಚಿತ್ರ. ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ 1968ರಲ್ಲಿ ಮಾಡಿದ ಅಂಥ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಚಿತ್ರದ ಆರಂಭವನ್ನು ಕುರಿತು ಇಲ್ಲಿ ಚರ್ಚೆ ನಡೆಯಲಿ ಎಂದು ಈ ಎಳೆಯನ್ನು ತೆರೆಯುತ್ತಿದ್ದೇನೆ. ಉದ್ದನೆಯ ಮೇಲಂಗಿ ತೊಟ್ಟ ಮೂವರು ಬಂದೂಕುಧಾರಿಗಳು ಬಟ್ಟಬಯಲಿನ ನಡುವಿನ ಒಂದು ರೈಲು ನಿಲ್ದಾಣಕ್ಕೆ ಬರುತ್ತಾರೆ. ಟಿಕೆಟ್ ಕೊಡುವ ಮುದುಕನನ್ನು ಒಳಗೆ ತಳ್ಳಿ ಬಾಗಿಲು ಹಾಕುತ್ತಾರೆ. ಅಲ್ಲಿಂದ ಮುಂದೆ ರೈಲು ಬರುವವರೆಗೆ ಕಾಯುವುದೊಂದೇ ಅವರ ಕೆಲಸ. ಒಬ್ಬನ ಬೋಳು ತಲೆಯ ಮೇಲೆ ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ. ಅವನು ಜಾಗ ಬದಲಿಸುವುದಿಲ್ಲ, ಟೋಪಿ ಹಾಕಿಕೊಂಡು ಹನಿಗಳು ಅದರ ಮೇಲೆ ಬೀಳಲು ಬಿಡುತ್ತಾನೆ, ಕೊನೆಗೆ ಟೋಪಿಯಲ್ಲಿ ನಿಂತ ಆ ನೀರನ್ನೇ ಕುಡಿಯುತ್ತಾನೆ. ಇನ್ನೊಬ್ಬನ ಮುಖದ ಮೇಲೆ ನೊಣ ಓಡಾಡುತ್ತದೆ. ಮತ್ತೊಬ್ಬ ಕೂತು ಬೆರಳುಗಳ ನೆಟಿಕೆ ಮುರಿಯುತ್ತಾನೆ. ಹತ್ತು ನಿಮಿಷಕ್ಕೂ ಹೆಚ್ಚು ಕಾಲ ಇದೇ ನಡೆಯುತ್ತದೆ, ಅದರ ಉದ್ದಕ್ಕೂ ಕಲಾವಿದರ ಮತ್ತು ತಂತ್ರಜ್ಞರ ಹೆಸರುಗಳು ಒಂದೊಂದಾಗಿ ಬಂದು ಹೋಗುತ್ತವೆ.

ನಮ್ಮ ಸಿನಿಮಾ ಬಳಗದಲ್ಲಿ ಇದನ್ನು ತೋರಿಸಿದಾಗ ಕಾಲೇಜಿನ ಹುಡುಗರೂ ಫೋನಿನ ಕಡೆ ಕಣ್ಣು ಹಾಯಿಸದೆ ಕುಳಿತಿದ್ದರು. ಈಚಿನ ಚಿತ್ರಗಳ ಆರಂಭದಲ್ಲಿ ಡ್ರೋನಿನಿಂದ ತೆಗೆದ ಬೆಟ್ಟಸಾಲು ಒಂದು ನಿಮಿಷ ಬಂದರೆ ಇದೇ ಹುಡುಗರು ಚಡಪಡಿಸುವುದನ್ನು ನಾನು ಕಂಡಿದ್ದೇನೆ. ನನಗೆ ತೋರುವ ಕಾರಣ ಮುಖ ಮತ್ತು ಬಯಲು ಎದುರುಬದುರಾಗಿ ನಿಲ್ಲುವ ರೀತಿ. ಲಿಯೋನೆ ಮಧ್ಯಮ ದೂರದ ಶಾಟ್‌ಗಳನ್ನು ಆದಷ್ಟು ಬಿಟ್ಟುಬಿಡುತ್ತಾನೆ. ತೆರೆಯ ತುಂಬ ಬೆವರು ಮೆತ್ತಿದ ಒಂದು ಮುಖವಿರುತ್ತದೆ, ಇಲ್ಲವೇ ಹಳಿಗಳು ಕಣ್ಣಿಗೆ ಕಾಣದಷ್ಟು ದೂರ ಹೋಗಿ ಕರಗುವ ನೆಲವಿರುತ್ತದೆ. ಈ ಎರಡರ ನಡುವೆ ಮನುಷ್ಯನಿಗೆ ಆಸರೆಯಾಗುವಂಥದ್ದು ಏನೂ ಇಲ್ಲ ಎಂಬ ಭಾವನೆ ಆಗಲೇ ಮನಸ್ಸಿನಲ್ಲಿ ಕೂತುಬಿಡುತ್ತದೆ. ಇದನ್ನು ಒಪ್ಪುವವರೂ ಒಪ್ಪದವರೂ ಕಾರಣ ಸಹಿತ ಬರೆಯಬೇಕೆಂದು ಕೋರುತ್ತೇನೆ.

ನಾದಲೋಲ:

ಬಯಲುದಾರಿಯವರೇ, ಆ ದೃಶ್ಯವನ್ನು ಒಮ್ಮೆ ಧ್ವನಿಯನ್ನು ಪೂರ್ತಿ ನಿಲ್ಲಿಸಿ ನೋಡಿ. ಮುಖಗಳು ಅವೇ, ಬಯಲೂ ಅದೇ, ಆದರೂ ಸ್ವಲ್ಪ ಹೊತ್ತಿಗೇ ಕುತೂಹಲ ಇಳಿದುಹೋಗುತ್ತದೆ. ಈ ಆರಂಭವನ್ನು ಹೊತ್ತು ನಿಂತಿರುವುದು ನಿಲ್ದಾಣದಲ್ಲಿರುವ, ಎಣ್ಣೆ ಕಾಣದ ಗಾಳಿಯಂತ್ರದ ಕಿರುಗುಟ್ಟುವ ಸದ್ದು. ಅದು ತಾಳಕ್ಕೆ ಹತ್ತಿರ ಬರುತ್ತದೆ, ಆದರೆ ತಾಳದಲ್ಲಿ ಕೂರುವುದಿಲ್ಲ, ಹೀಗಾಗಿ ಕಿವಿ ಅದಕ್ಕೆ ಒಗ್ಗಿಕೊಳ್ಳಲು ಆಗುವುದೇ ಇಲ್ಲ.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಗಮನಿಸಬೇಕು. ಆ ಕಾಲದ ಇಟಲಿಯ ಚಿತ್ರೋದ್ಯಮದಲ್ಲಿ ಚಿತ್ರೀಕರಣದ ಸ್ಥಳದ ಧ್ವನಿಯನ್ನು ಅಂತಿಮ ಪ್ರತಿಯಲ್ಲಿ ಉಳಿಸಿಕೊಳ್ಳುವ ರೂಢಿ ಇರಲಿಲ್ಲ. ಮಾತು, ಹೆಜ್ಜೆಯ ಸದ್ದು, ಗಾಳಿ ಎಲ್ಲವನ್ನೂ ಆಮೇಲೆ ಸ್ಟುಡಿಯೊದಲ್ಲಿ ಸೇರಿಸುತ್ತಿದ್ದರು. ಹಾಗಾಗಿ ನಮಗೆ ಕೇಳಿಸುವ ಒಂದೊಂದು ಸದ್ದೂ ಯಾರೋ ಬೇಕೆಂದೇ ಆರಿಸಿ ಇಟ್ಟದ್ದು. ಜ್ಯಾಕ್ ಎಲಾಮ್ ಮಾಡಿದ ಪಾತ್ರ ಟೆಲಿಗ್ರಾಫ್ ಯಂತ್ರದ ಟಕಟಕ ತಡೆಯಲಾರದೆ ತಂತಿಯನ್ನೇ ಕಿತ್ತುಹಾಕುತ್ತಾನಲ್ಲ, ಅಲ್ಲಿ ಒಂದು ಪದರ ಕಳಚಿಬೀಳುತ್ತದೆ, ಉಳಿದ ಪದರಗಳು ಇನ್ನಷ್ಟು ಹತ್ತಿರ ಬರುತ್ತವೆ. ನೊಣವನ್ನು ಅವನು ಪಿಸ್ತೂಲಿನ ನಳಿಗೆಯೊಳಗೆ ಸಿಕ್ಕಿಸಿಕೊಂಡು, ನಳಿಗೆಯ ಬಾಯಿಗೆ ಬೆರಳು ಅಡ್ಡವಿಟ್ಟು, ಅದರ ಗುಂಯ್‌ಗುಡುವಿಕೆಯನ್ನು ಕಿವಿಯ ಹತ್ತಿರ ಹಿಡಿದು ಕೇಳುತ್ತಾನೆ. ಅಷ್ಟರಲ್ಲಿ ದೂರದಿಂದ ರೈಲಿನ ಸೀಟಿ ಬರುತ್ತದೆ.

ಎನ್ನಿಯೊ ಮೊರಿಕೋನೆ ಈ ಚಿತ್ರಕ್ಕೆ ಚಿತ್ರೀಕರಣಕ್ಕೂ ಮೊದಲೇ ಸಂಗೀತ ಬರೆದಿದ್ದರು, ಲಿಯೋನೆ ಅದನ್ನು ಸೆಟ್ಟಿನಲ್ಲಿ ನಟರ ಎದುರಿಗೇ ನುಡಿಸುತ್ತಿದ್ದ. ಅಂಥ ಸಂಗೀತ ಕೈಯಲ್ಲಿದ್ದೂ ಆರಂಭಕ್ಕೆ ಅದನ್ನು ಬಳಸದೆ ಇರಲು ಎದೆಗಾರಿಕೆ ಬೇಕು. ಫ್ಲಾರೆನ್ಸಿನ ಒಂದು ಕಛೇರಿಯಲ್ಲಿ ಒಬ್ಬಾತ ವೇದಿಕೆಯ ಮೇಲೆ ಬರೀ ಒಂದು ಏಣಿಯನ್ನು ಕಿರುಗುಟ್ಟಿಸಿದ್ದನ್ನು ತಾವು ಕೇಳಿದ್ದಾಗಿಯೂ, ಈ ಯೋಚನೆಯ ಬೇರು ಅಲ್ಲಿದೆ ಎಂದೂ ಮೊರಿಕೋನೆ ಹೇಳಿಕೊಂಡಿದ್ದಾರೆ. ಅವರು ರೋಮಿನ ‘ನುವೋವಾ ಕಾನ್ಸೊನಾನ್ಸಾ’ ಎಂಬ ಪ್ರಯೋಗಶೀಲ ವಾದಕರ ಗುಂಪಿನಲ್ಲಿದ್ದವರು. ಶಬ್ದವನ್ನೇ ಸಂಗೀತವೆಂದು ಭಾವಿಸುವುದು ಅವರಿಗೆ ಹೊಸದಾಗಿರಲಿಲ್ಲ.

ತೆರೆಹಿಂದೆ:

ನೊಣದ ಸದ್ದು ಲೋಹದ ನಳಿಗೆಯೊಳಗಿನಿಂದ ಬೇರೆಯದೇ ಸ್ವರದಲ್ಲಿ ಕೇಳುತ್ತದೆ ಎಂಬುದನ್ನು ಇಯರ್‌ಫೋನ್ ಹಾಕಿಕೊಂಡು ಗಮನಿಸಿ. ನಾದಲೋಲ ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ.

ಕತ್ತರಿಕೈ:

ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಬುಡದ ಸಂಗತಿ ಇನ್ನೂ ಬಂದಿಲ್ಲ. ನಾನು ಸಂಕಲನದ ಕೆಲಸ ಮಾಡುವವನು, ಆ ಕಡೆಯಿಂದ ಹೇಳುತ್ತೇನೆ. ವೆಸ್ಟರ್ನ್ ಚಿತ್ರದ ಆರಂಭ ಮಾಡುವ ಮೊದಲ ಕೆಲಸ ಕಾಲದ ಅಳತೆಯನ್ನು ಗೊತ್ತುಮಾಡುವುದು. ಈ ಚಿತ್ರದಲ್ಲಿ ಒಂದು ನಿಮಿಷವೆಂದರೆ ಎಷ್ಟು ಉದ್ದ, ಒಂದು ಗುಂಡು ಹಾರುವುದಕ್ಕೆ ಮುಂಚೆ ಎಷ್ಟು ಕಾಯಬೇಕು ಎಂಬುದನ್ನು ಪ್ರೇಕ್ಷಕ ಅಲ್ಲಿಯೇ ಕಲಿತುಬಿಡುತ್ತಾನೆ. ಬೇಸರವೋ ಕುತೂಹಲವೋ ಎಂಬುದು ಆಮೇಲಿನ ಮಾತು.

ಲಿಯೋನೆಯ ಆ ಮೂವರು ಎಲ್ಲಿಂದ ಬಂದವರು ಎಂದು ನೋಡಿ. ಫ್ರೆಡ್ ಜಿನ್ನೆಮನ್ 1952ರಲ್ಲಿ ಮಾಡಿದ ‘ಹೈ ನೂನ್’ ಚಿತ್ರದಲ್ಲೂ ಮೂವರು ಕೂಡುತ್ತಾರೆ, ಊರಿನೊಳಗೆ ಹಾದು ರೈಲು ನಿಲ್ದಾಣಕ್ಕೆ ಹೋಗುತ್ತಾರೆ, ಮಧ್ಯಾಹ್ನದ ರೈಲಿನಲ್ಲಿ ಬರುವ ತಮ್ಮ ನಾಯಕನಿಗಾಗಿ ಕಾಯುತ್ತಾರೆ. ಆ ಚಿತ್ರದ ಉದ್ದ 85 ನಿಮಿಷ, ಕಥೆಯ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಗಡಿಯಾರ ಓಡುತ್ತಿರುತ್ತದೆ, ಅವರನ್ನು ಎದುರಿಸಬೇಕಾದ ಕಥಾನಾಯಕನಿಗೆ ಹೊತ್ತು ಸಾಲುವುದಿಲ್ಲ. ಲಿಯೋನೆ ಅದೇ ಮೂವರನ್ನು, ಅದೇ ರೈಲನ್ನು ತೆಗೆದುಕೊಂಡು ಹೊತ್ತನ್ನು ತಿರುಗಾಮುರುಗಾ ಮಾಡುತ್ತಾನೆ: ಇಲ್ಲಿ ಹೊತ್ತು ಬೇಕಾದಷ್ಟಿದೆ, ಕಳೆಯುವುದೇ ಕಷ್ಟ. ‘ಹೈ ನೂನ್’ ನೋಡಿದವನಿಗೆ ಇವರು ಯಾರೋ ದೊಡ್ಡ ಖಳನಾಯಕನನ್ನು ಬರಮಾಡಿಕೊಳ್ಳಲು ಬಂದಿದ್ದಾರೆ ಎನ್ನಿಸುತ್ತದೆ. ರೈಲಿನಿಂದ ಒಂದು ಗಂಟನ್ನು ಎಸೆಯುತ್ತಾರೆ, ಯಾರೂ ಇಳಿಯುವುದಿಲ್ಲ, ರೈಲು ಹೊರಡುತ್ತದೆ, ಮೂವರೂ ಬೆನ್ನು ತಿರುಗಿಸುತ್ತಾರೆ. ಆಗ ಹಾರ್ಮೋನಿಕಾದ ಸ್ವರ ಕೇಳುತ್ತದೆ. ಬೋಗಿಗಳು ಸರಿದುಹೋದ ಮೇಲೆ ಹಳಿಯ ಆಚೆ ಬದಿಯಲ್ಲಿ ಚಾರ್ಲ್ಸ್ ಬ್ರಾನ್ಸನ್ ನಿಂತಿರುತ್ತಾನೆ. ತನಗೆ ಕುದುರೆ ತಂದಿದ್ದೀರಾ ಎಂದು ಅವನು ಕೇಳುತ್ತಾನೆ. ಒಂದು ಕುದುರೆ ಕಡಿಮೆ ಬಿದ್ದಿದೆಯಲ್ಲ ಎಂದು ಅವರು ನಗುತ್ತಾರೆ. ಎರಡು ಹೆಚ್ಚಾಗಿವೆ ಎಂದು ಅವನು ತಲೆಯಾಡಿಸುತ್ತಾನೆ. ಗುಂಡಿನ ಕಾಳಗ ಮುಗಿಯುವುದು ಕೆಲವೇ ಸೆಕೆಂಡಿನಲ್ಲಿ. ಉದ್ದನೆಯ ಕಾಯುವಿಕೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಹಿಂಸೆ. ಮುಂದಿನ ಎರಡೂವರೆ ಗಂಟೆ ಚಿತ್ರ ನಡೆಯುವುದು ಈ ಲೆಕ್ಕದಲ್ಲಿಯೇ.

ಡ್ರೋನಿನ ಬೆಟ್ಟಸಾಲಿಗೆ ಇಂಥ ಲೆಕ್ಕವಿಲ್ಲ. ಅದನ್ನು 20 ಸೆಕೆಂಡ್ ಕತ್ತರಿಸಿದರೂ ಮುಂದಿನ ಯಾವ ದೃಶ್ಯಕ್ಕೂ ಪೆಟ್ಟು ಬೀಳುವುದಿಲ್ಲ, ಅದಕ್ಕೇ ಅದು ಹಿಡಿಯುವುದಿಲ್ಲ.

ಸಂಜೆಪದ:

ಆದರೆ ಕತ್ತರಿಕೈ ಸರ್, ‘ಹೈ ನೂನ್’ ಆರಂಭವನ್ನು ಹಾಡು ಕೆಡಿಸಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಟೆಕ್ಸ್ ರಿಟ್ಟರ್ ಹಾಡುವ ಆ ಲಾವಣಿ ಇಡೀ ಕಥೆಯನ್ನು ಮೊದಲೇ ಹೇಳಿಬಿಡುತ್ತದೆ: ಮದುವೆ, ಸೆರೆಮನೆಯಿಂದ ಬಂದ ಶತ್ರು, ಮಧ್ಯಾಹ್ನದ ರೈಲು, ಬಿಟ್ಟುಹೋಗಬೇಡ ಎಂಬ ಬೇಡಿಕೆ. ಇಷ್ಟೆಲ್ಲ ಹೇಳಿದ ಮೇಲೆ ಮನಃಸ್ಥಿತಿಯನ್ನು ಕಟ್ಟಲು ದೃಶ್ಯಕ್ಕೆ ಏನು ಉಳಿಯಿತು?

ನಾದಲೋಲ:

ಸಂಜೆಪದ ಮೇಡಂ, ಲಾವಣಿಯ ಕೆಲಸವೇ ಅದಲ್ಲವೇ? ನಮ್ಮ ಜನಪದ ಲಾವಣಿಕಾರರೂ ಸಂಗೊಳ್ಳಿ ರಾಯಣ್ಣನ ಕೊನೆಯನ್ನು ಮುಚ್ಚಿಟ್ಟು ಹಾಡುವುದಿಲ್ಲ. ಆಗುವುದು ಗೊತ್ತಿದ್ದೂ ಅದು ಹೇಗಾಗುತ್ತದೆ ಎಂದು ಕೇಳುವವರು ಕೂರುತ್ತಾರೆ. ದಿಮಿತ್ರಿ ತ್ಯೋಮ್ಕಿನ್ ಆ ಹಾಡಿನ ಕೆಳಗೆ ಕುದುರೆಯ ಹೆಜ್ಜೆಯಂಥ ಒಂದು ಬಡಿತವನ್ನು ಇಟ್ಟಿದ್ದಾರೆ, ಅದು ಎಲ್ಲಿಯೂ ವೇಗ ಹೆಚ್ಚಿಸುವುದಿಲ್ಲ. ತೆರೆಯ ಮೇಲೆ ಆ ಮೂವರು ಯಾರೆಂದು ಯಾರೂ ಹೇಳುವುದಿಲ್ಲ, ಊರಿನ ಒಬ್ಬ ಮುದುಕಿ ಅವರನ್ನು ಕಂಡು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾಳೆ ಅಷ್ಟೇ. ಹಾಡು ಮತ್ತು ಸಂಗೀತ ಎರಡಕ್ಕೂ ಆಸ್ಕರ್ ಬಂದದ್ದು ಸುಮ್ಮನೆ ಅಲ್ಲ.

ಸಂಜೆಪದ:

ಪ್ರಶಸ್ತಿ ಬಂದದ್ದಕ್ಕೂ ಆ ಹಾಡು ದೃಶ್ಯದ ಮೇಲೆ ಕೂರುತ್ತದೆಯೇ ಎಂಬುದಕ್ಕೂ ಸಂಬಂಧವಿಲ್ಲ. ಆ ಮುದುಕಿಯ ಶಾಟ್‌ನ ಹಿಂದೆ ಹಾಡಿಲ್ಲದೆ ಬರೀ ಚರ್ಚಿನ ಗಂಟೆ ಇದ್ದಿದ್ದರೆ ನನ್ನ ಮೇಲೆ ಹೆಚ್ಚು ಪರಿಣಾಮವಾಗುತ್ತಿತ್ತು.

ಹಳೇಪ್ರೊಜೆಕ್ಟರ್:

‘ಹೈ ನೂನ್’ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಆ ಚಿತ್ರದ ಮೊಟ್ಟಮೊದಲ ಶಾಟ್‌ನಲ್ಲಿ ಕಲ್ಲಿನ ಮೇಲೆ ಕೂತು ಕಾಯುವವನು ಲೀ ವ್ಯಾನ್ ಕ್ಲೀಫ್. ಇಡೀ ಚಿತ್ರದಲ್ಲಿ ಅವನಿಗೆ ಒಂದು ಮಾತೂ ಇಲ್ಲ. ಆ ಮುಖವನ್ನೇ 1965ರಲ್ಲಿ ಲಿಯೋನೆ ತನ್ನ ಡಾಲರ್ ಸರಣಿಯ ಎರಡನೆಯ ಚಿತ್ರ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ಗೆ ಕರೆತಂದ. ನೆಟಿಕೆ ಮುರಿಯುವ ಆಲ್ ಮುಲಾಕ್‌ನ ಮುಖವೂ ಅಷ್ಟೇ: ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ ಶುರುವಾಗುವುದು ಖಾಲಿ ಬಯಲಿನ ಶಾಟ್‌ನೊಳಕ್ಕೆ ಅವನ ಮುಖ ಇದ್ದಕ್ಕಿದ್ದಂತೆ ನುಗ್ಗಿ ಬಯಲನ್ನೆಲ್ಲ ಮುಚ್ಚುವುದರಿಂದ. ಬಯಲುದಾರಿಯವರು ಹೇಳಿದ ಮುಖ ಮತ್ತು ಬಯಲಿನ ಎದುರುಬದುರು ಅಲ್ಲಿ ಒಂದೇ ಶಾಟ್‌ನಲ್ಲಿ ಆಗಿಬಿಡುತ್ತದೆ. ಅದಕ್ಕೆ ಟೆಕ್ನಿಸ್ಕೋಪ್ ಪದ್ಧತಿಯ ಸಹಾಯವೂ ಇದೆ. ಒಂದೊಂದು ಚೌಕಟ್ಟಿಗೆ ಫಿಲ್ಮಿನ ನಾಲ್ಕು ರಂಧ್ರಗಳ ಬದಲು ಎರಡೇ ಸಾಕಾಗುತ್ತಿದ್ದುದರಿಂದ ಖರ್ಚು ಉಳಿಯುತ್ತಿತ್ತು; ಅಗಲ ತೆರೆಗೆ ಬೇಕಾದ ವಿಶೇಷ ಲೆನ್ಸಿನ ಹಂಗಿಲ್ಲದೆ ಸಾಮಾನ್ಯ ಲೆನ್ಸಿನಲ್ಲಿ ತೆಗೆಯುತ್ತಿದ್ದುದರಿಂದ ಮೂಗಿನ ತುದಿಯ ಬೆವರೂ ಹಿಂದಿನ ಬೆಟ್ಟವೂ ಒಟ್ಟಿಗೆ ಸ್ಪಷ್ಟವಾಗಿ ಸಿಗುತ್ತಿದ್ದವು.

ಇನ್ನು ‘ಹೈ ನೂನ್’ ಕಂಡು ಸಿಟ್ಟಾದ ನಿರ್ದೇಶಕ ಹೋವರ್ಡ್ ಹಾಕ್ಸ್ ಮತ್ತು ನಟ ಜಾನ್ ವೇನ್ 1959ರಲ್ಲಿ ಅದಕ್ಕೆ ಉತ್ತರವಾಗಿ ‘ರಿಯೊ ಬ್ರಾವೊ’ ಮಾಡಿದರು. ಊರಿನವರ ಬಾಗಿಲು ತಟ್ಟಿ ಸಹಾಯ ಬೇಡುವ ಶೆರಿಫ್ ಅವರಿಗೆ ಹಿಡಿಸಲಿಲ್ಲ. ಅದರ ಆರಂಭವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಮೊದಲ ನಾಲ್ಕು ನಿಮಿಷದ ಹತ್ತಿರ ಯಾರೂ ಬಾಯಿ ಬಿಡುವುದಿಲ್ಲ. ಡೀನ್ ಮಾರ್ಟಿನ್ ಮಾಡಿದ ಕುಡುಕ ಸಲೂನಿನ ಹಿಂಬಾಗಿಲಿಂದ ಒಳಗೆ ಬಂದು, ಯಾರಾದರೂ ಒಂದು ಗುಟುಕು ಕೊಟ್ಟಾರೇ ಎಂದು ತುಟಿ ಒರೆಸಿಕೊಳ್ಳುತ್ತ ನಿಲ್ಲುತ್ತಾನೆ. ದುಡ್ಡಿನ ಮದವೇರಿದ ಒಬ್ಬ ಅವನನ್ನು ನೋಡಿ ನಕ್ಕು, ಒಂದು ಬೆಳ್ಳಿ ನಾಣ್ಯವನ್ನು ಪೀಕದಾನಿಯೊಳಗೆ ಎಸೆಯುತ್ತಾನೆ. ಕುಡುಕ ಬಗ್ಗಿ ಕೈ ಹಾಕುವಷ್ಟರಲ್ಲಿ ಒಂದು ಬೂಟುಗಾಲು ಬಂದು ಆ ಪೀಕದಾನಿಯನ್ನು ಒದ್ದು ಉರುಳಿಸುತ್ತದೆ. ಕ್ಯಾಮೆರಾ ಕೆಳಗಿನಿಂದ ತಲೆಯೆತ್ತಿ ನೋಡಿದರೆ ಶೆರಿಫ್ ಜಾನ್ ವೇನ್. ಆ ನೋಟದಲ್ಲಿ ಅಸಹ್ಯವೂ ಇದೆ, ಪ್ರೀತಿಯೂ ಇದೆ. ಇವರಿಬ್ಬರ ಹಳೆಯ ಸ್ನೇಹ, ಒಬ್ಬನ ಪತನ, ಇನ್ನೊಬ್ಬನ ಹಟ, ಮೂರೂ ಒಂದು ಒದೆತದಲ್ಲಿ ತಿಳಿದುಬಿಡುತ್ತವೆ. ಇಲ್ಲಿ ಬಯಲೇ ಇಲ್ಲ, ನಾಲ್ಕು ಗೋಡೆಯ ಒಳಗೇ ಎಲ್ಲವೂ ಆಗುತ್ತದೆ. ಆದ್ದರಿಂದ ಬಯಲುದಾರಿಯವರ ವಾದವನ್ನು ಎಲ್ಲ ವೆಸ್ಟರ್ನ್‌ಗಳಿಗೂ ಅನ್ವಯಿಸಲು ಬರುವುದಿಲ್ಲ.

ಬಯಲುದಾರಿ:

ಹಳೇಪ್ರೊಜೆಕ್ಟರ್ ಅವರೇ, ನಾನು ಎತ್ತಿದ ಪ್ರಶ್ನೆ ಲಿಯೋನೆಯದು. ಹಾಕ್ಸ್ ಬೇರೆ ಕುಲದವನು. ಆದರೂ ಪೀಕದಾನಿಯ ಉದಾಹರಣೆ ಬಹಳ ಉಪಯುಕ್ತ. ಮುಖ ಎಷ್ಟು ಎತ್ತರದಿಂದ ಕಾಣುತ್ತದೆ ಎಂಬುದೇ ಅಲ್ಲಿ ಮನಃಸ್ಥಿತಿಯನ್ನು ಕಟ್ಟುತ್ತದೆ, ಮಾತಿಲ್ಲದೆ ಮರ್ಯಾದೆಯ ಏರುಪೇರು ಕಣ್ಣಿಗೆ ಬೀಳುತ್ತದೆ. ನೋಟವೇ ಮುಖ್ಯ ಎಂಬ ನನ್ನ ಮಾತಿಗೆ ಅದು ಬಲವನ್ನೇ ಕೊಡುತ್ತದೆ.

ಅರಿಜೋನಾ ಕನ್ನಡಿತಿ:

ಫೀನಿಕ್ಸಿನಲ್ಲಿರುವ ನಾನು ಈ ಚರ್ಚೆಯನ್ನು ಬೇರೆ ಕಡೆಯಿಂದ ನೋಡುತ್ತೇನೆ. ಜಾನ್ ಫೋರ್ಡ್‌ನ ‘ದ ಸರ್ಚರ್ಸ್’ ಚಿತ್ರದ (1956) ಆರಂಭವನ್ನು ಯಾರೂ ಪ್ರಸ್ತಾಪಿಸದಿರುವುದು ಆಶ್ಚರ್ಯ ತಂದಿದೆ. ಕಪ್ಪು ತೆರೆಯ ಮೇಲೆ ಟೆಕ್ಸಾಸ್, 1868 ಎಂಬ ಬರಹ. ಆಮೇಲೆ ಆ ಕಪ್ಪಿನಲ್ಲೇ ಒಂದು ಬಾಗಿಲು ತೆರೆದುಕೊಳ್ಳುತ್ತದೆ. ಅದುವರೆಗೆ ನಾವು ಕೂತಿದ್ದು ಒಂದು ಮನೆಯ ಕತ್ತಲೆಯೊಳಗೆ ಎಂದು ಆಗ ತಿಳಿಯುತ್ತದೆ. ಒಬ್ಬ ಹೆಂಗಸಿನ ನೆರಳುರೂಪ ಬಾಗಿಲಿನಲ್ಲಿ ಮೂಡುತ್ತದೆ, ಅವಳ ಬೆನ್ನ ಹಿಂದೆಯೇ ಕ್ಯಾಮೆರಾ ಜಗಲಿಗೆ ಬರುತ್ತದೆ, ಎದುರಿಗೆ ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳು, ದೂರದಲ್ಲಿ ಒಬ್ಬ ಸವಾರ. ಅವಳು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡುತ್ತಾಳೆ. ಒಬ್ಬೊಬ್ಬರಾಗಿ ಮನೆಯವರೆಲ್ಲ ಹೊರಗೆ ಬಂದು ನಿಲ್ಲುತ್ತಾರೆ. ಅಂತರ್ಯುದ್ಧ ಮುಗಿದು ಮೂರು ವರ್ಷ ಕಳೆದ ಮೇಲೆ ಮನೆಗೆ ಬರುತ್ತಿರುವ ಮೈದುನ ಅವನು. ಅವನು ಅತ್ತಿಗೆಯ ಹಣೆಗೆ ಮುತ್ತಿಡುವ ರೀತಿ, ಅವಳು ಅವನ ಕಡೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಹೆಜ್ಜೆಯಿಟ್ಟು ಒಳಗೆ ಹೋಗುವ ರೀತಿ, ಇಷ್ಟರಲ್ಲೇ ಹೇಳಬಾರದ ಒಂದು ಸಂಗತಿ ಆ ಮನೆಯಲ್ಲಿದೆ ಎಂದು ಅರ್ಥವಾಗುತ್ತದೆ. ಇದು ಅದ್ಭುತವಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಬಾಗಿಲು ನಮ್ಮನ್ನು ಎಲ್ಲಿ ಕೂರಿಸುತ್ತದೆ ಎಂದು ಕೇಳಲೇಬೇಕು. ನಾವು ವಲಸಿಗರ ಮನೆಯ ಒಳಗಿದ್ದೇವೆ. ಹೊರಗಿರುವುದೆಲ್ಲ ಕಾಡು, ಅಪಾಯ. ಆ ಹೊರಗಿನ ನೆಲ ಯಾರದ್ದು? ಮಾನ್ಯುಮೆಂಟ್ ವ್ಯಾಲಿ ಟೆಕ್ಸಾಸ್‌ನಲ್ಲಿ ಇಲ್ಲವೇ ಇಲ್ಲ. ಅದು ಅರಿಜೋನಾ ಮತ್ತು ಯೂಟಾ ಗಡಿಯಲ್ಲಿರುವ ನವಾಹೊ ಜನರ ನೆಲ, 1958ರಿಂದ ಅವರೇ ಅದನ್ನು ತಮ್ಮ ಬುಡಕಟ್ಟಿನ ಉದ್ಯಾನವಾಗಿ ನಡೆಸುತ್ತಿದ್ದಾರೆ. ಚಿತ್ರದಲ್ಲಿ ವಲಸಿಗರ ಶತ್ರುಗಳಾದ ಕಮ್ಯಾಂಚಿ ಎಂಬ ಮೂಲನಿವಾಸಿ ಬುಡಕಟ್ಟಿನವರಾಗಿ ಕಾಣಿಸಿಕೊಂಡವರಲ್ಲಿ ಹೆಚ್ಚಿನವರು ನವಾಹೊಗಳೇ. ಅಲ್ಲಿಗೆ ಹೋದಾಗ ನನ್ನನ್ನು ಕಾಡಿದ್ದು ಇದೇ: ಈ ಬಂಡೆಗಳ ಕೆಳಗೆ ಜನ ಕುರಿ ಸಾಕಿಕೊಂಡು, ಮನೆ ಕಟ್ಟಿಕೊಂಡು ಬಾಳುತ್ತಿದ್ದಾರೆ, ಚಿತ್ರದ ಮೊದಲ ಎರಡು ನಿಮಿಷ ಮಾತ್ರ ಅದನ್ನು ನಿರ್ಜನ ಪ್ರದೇಶವೆಂದು ನಮ್ಮ ಮನಸ್ಸಿನಲ್ಲಿ ಮುದ್ರೆಯೊತ್ತುತ್ತದೆ. ಆರಂಭದ ದೃಶ್ಯ ಮನಃಸ್ಥಿತಿಯನ್ನು ಕಟ್ಟುತ್ತದೆ ಎನ್ನುವಾಗ ಅದು ಒಂದು ಪಕ್ಷವನ್ನೂ ಕಟ್ಟುತ್ತದೆ ಎಂಬುದನ್ನು ಮರೆಯಬಾರದು.

ಕತ್ತರಿಕೈ:

ನೆಲದ ವಿಚಾರವನ್ನು ಒಪ್ಪುತ್ತೇನೆ ಮೇಡಂ. ಆದರೆ ಆ ಬಾಗಿಲಿನ ಅರ್ಥವನ್ನು ಕೊನೆಯ ಶಾಟ್ ಜೊತೆ ಇಟ್ಟು ನೋಡಬೇಕು. ಕೊನೆಯಲ್ಲಿ ಎಲ್ಲರೂ ಒಳಗೆ ಹೋಗುತ್ತಾರೆ, ಜಾನ್ ವೇನ್ ಮಾತ್ರ ಹೊಸ್ತಿಲ ಆಚೆ ಉಳಿಯುತ್ತಾನೆ, ಬಾಗಿಲು ಮುಚ್ಚುತ್ತದೆ. ಕಮ್ಯಾಂಚಿಗಳ ಮೇಲೆ ಅವನು ಇಟ್ಟುಕೊಂಡಿರುವ ದ್ವೇಷವೇ ಅವನನ್ನು ಆ ಮನೆಗೆ ಹೊರಗಿನವನನ್ನಾಗಿ ಮಾಡುತ್ತದೆ. ಹಾಗಾಗಿ ಫೋರ್ಡ್ ಕಟ್ಟಿದ ಪಕ್ಷವನ್ನು ಫೋರ್ಡ್‌ನೇ ಪ್ರಶ್ನಿಸುತ್ತಾನೆ.

ಅರಿಜೋನಾ ಕನ್ನಡಿತಿ:

ವೇನ್‌ನ ಪಾತ್ರವನ್ನು ಫೋರ್ಡ್ ಪ್ರಶ್ನಿಸುತ್ತಾನೆ ಎಂಬುದು ನಿಜ. ಆದರೆ ಕ್ಯಾಮೆರಾ ಕೊನೆಯಲ್ಲೂ ವಲಸಿಗರ ಮನೆಯ ಒಳಗೇ ಇರುತ್ತದೆಯಲ್ಲ ಸರ್. ಬಾಗಿಲು ತೆರೆದಾಗಲೂ ಮುಚ್ಚಿದಾಗಲೂ ನಾವು ಕೂತಿರುವ ಜಾಗ ಬದಲಾಗುವುದಿಲ್ಲ. ಲಿಯೋನೆಯ ಆ ನಿಲ್ದಾಣದಲ್ಲೂ ಒಬ್ಬ ಮೂಲನಿವಾಸಿ ಹೆಂಗಸು ಇದ್ದಾಳೆ, ಬಂದೂಕುಧಾರಿಗಳನ್ನು ಕಂಡೊಡನೆ ಓಡಿಹೋಗುತ್ತಾಳೆ. ಇಲ್ಲಿ ಇಷ್ಟು ಜನ ಆ ದೃಶ್ಯವನ್ನು ವರ್ಣಿಸಿದ್ದೀರಿ, ನೊಣ ಎಲ್ಲರ ನೆನಪಿನಲ್ಲಿದೆ, ಅವಳ ಹೆಸರೆತ್ತಿದವರಿಲ್ಲ.

ತೆರೆಹಿಂದೆ:

ಇದು ನಿಜವಾಗಿಯೂ ಯೋಚಿಸಬೇಕಾದ ಮಾತು. ಆ ದೃಶ್ಯವನ್ನು ಈಗಲೇ ಮತ್ತೊಮ್ಮೆ ಹಾಕಿಕೊಂಡು ನೋಡುತ್ತೇನೆ.

ರಾಮನಗರದವನು:

ನಮ್ಮ ಊರಿನ ಬಂಡೆಗಳ ಪ್ರಸ್ತಾಪವಿಲ್ಲದೆ ಈ ಚರ್ಚೆ ಪೂರ್ತಿಯಾಗುವುದಿಲ್ಲ. ರಮೇಶ್ ಸಿಪ್ಪಿಯವರ ‘ಶೋಲೆ’ (1975) ಶುರುವಾಗುವುದೂ ರೈಲಿನಿಂದಲೇ. ಒಂದು ಸಣ್ಣ ನಿಲ್ದಾಣಕ್ಕೆ ರೈಲು ಬರುತ್ತದೆ, ಒಬ್ಬ ಪೊಲೀಸ್ ಅಧಿಕಾರಿ ಇಳಿಯುತ್ತಾನೆ, ಠಾಕೂರನ ಆಳು ರಾಮಲಾಲ ಕುದುರೆಯೊಂದಿಗೆ ಕಾದಿರುತ್ತಾನೆ. ಅಲ್ಲಿಂದ ಊರಿನವರೆಗೆ ಇಬ್ಬರ ಸವಾರಿ ನಡೆಯುತ್ತದೆ, ಅದರ ಮೇಲೆ ಹೆಸರುಗಳು ಬರುತ್ತವೆ, ಆರ್.ಡಿ. ಬರ್ಮನ್ ಅವರ ಗಿಟಾರ್ ಕೇಳುತ್ತದೆ. ಲಿಯೋನೆಯ ಪ್ರಭಾವ ಎದ್ದು ಕಾಣುತ್ತದೆ, ಆದರೆ ಮಾಡಿದ ಕೆಲಸ ಬೇರೆ. ಲಿಯೋನೆ ಒಂದೇ ಕಡೆ ನಿಲ್ಲಿಸಿ ಕಾಯಿಸುತ್ತಾನೆ. ಇಲ್ಲಿ ಕ್ಯಾಮೆರಾ ದಾರಿ ನಡೆಸಿಕೊಂಡು ಹೋಗಿ ಬಂಡೆ, ಹಳ್ಳ, ಊರು, ಜನ ಎಲ್ಲವನ್ನೂ ಪರಿಚಯ ಮಾಡಿಕೊಡುತ್ತದೆ, ಮುಂದೆ ಯಾವ ನೆಲಕ್ಕಾಗಿ ಹೋರಾಟ ನಡೆಯಲಿದೆ ಎಂದು ನಮಗೆ ಮೊದಲೇ ಗೊತ್ತಾಗುತ್ತದೆ. ಠಾಕೂರ್ ಮೈಮೇಲೆ ಶಾಲು ಹೊದ್ದು ನಿಂತಿರುವುದನ್ನೂ ಆಗಲೇ ತೋರಿಸಿರುತ್ತಾರೆ. ಮುಂದೆ ಬರುವ ರೈಲು ದರೋಡೆಯ ದೃಶ್ಯವೂ ನಮ್ಮ ಕಡೆಯದೇ.

ಹಳೇಪ್ರೊಜೆಕ್ಟರ್:

ರೈಲು ದರೋಡೆಯನ್ನು ತೆಗೆದದ್ದು ಮುಂಬೈ ಹತ್ತಿರದ ಪನ್ವೇಲ್ ಮಾರ್ಗದಲ್ಲಿ. ರಾಮನಗರದಲ್ಲಿ ಚಿತ್ರೀಕರಣವಾದದ್ದು ಊರಿನ ಮತ್ತು ಬಂಡೆಗಳ ಭಾಗ.

ರಾಮನಗರದವನು:

ಆಗಲಿ ಸರ್, ರೈಲು ಪನ್ವೇಲಿಗೇ ಇರಲಿ, ಬಂಡೆಗಳನ್ನಂತೂ ನಮ್ಮಿಂದ ಯಾರೂ ತೆಗೆದುಕೊಳ್ಳಲಾರರು.

ನಾದಲೋಲ:

‘ಶೋಲೆ’ಯಲ್ಲಿ ಠಾಕೂರನ ಮನೆಯವರನ್ನು ಕೊಲ್ಲುವ ದೃಶ್ಯದ ಉಯ್ಯಾಲೆಯ ಕಿರುಗುಟ್ಟುವಿಕೆಯನ್ನು ನೆನಪಿಸಿಕೊಳ್ಳಿ. ಅದು ಆರಂಭದ ದೃಶ್ಯವಲ್ಲ, ಆದರೂ ಅದರ ಮೂಲ ಲಿಯೋನೆಯ ಚಿತ್ರದಲ್ಲಿ ನಿಲ್ದಾಣದ ನಂತರ ಬರುವ ಮೆಕ್‌ಬೇನ್ ಕುಟುಂಬದ ಹತ್ಯೆಯಲ್ಲಿದೆ. ಮನೆಯ ಮುಂದೆ ಊಟದ ಮೇಜು ಸಿದ್ಧವಾಗಿದೆ, ಜೀರುಂಡೆಗಳು ಕೂಗುತ್ತಿವೆ. ಇದ್ದಕ್ಕಿದ್ದಂತೆ ಜೀರುಂಡೆಗಳ ಸದ್ದು ನಿಂತುಹೋಗುತ್ತದೆ. ಅಪ್ಪ ತಲೆಯೆತ್ತಿ ಸುತ್ತ ನೋಡುತ್ತಾನೆ, ಏನೂ ಇಲ್ಲ. ಗುಂಡು ಬರುವುದು ಆಮೇಲೆ. ಕೊನೆಗೆ ಉಳಿದ ಪುಟ್ಟ ಹುಡುಗ ಮನೆಯೊಳಗಿನಿಂದ ಓಡಿಬಂದು ಹೆಣಗಳನ್ನು ಕಂಡಾಗ ಮೊರಿಕೋನೆಯ ಎಲೆಕ್ಟ್ರಿಕ್ ಗಿಟಾರ್ ಸಿಡಿಯುತ್ತದೆ. ನಿಲ್ದಾಣದ ಹಾರ್ಮೋನಿಕಾವನ್ನು ಬಿಟ್ಟರೆ ಪೂರ್ಣ ಪ್ರಮಾಣದ ಸಂಗೀತ ಚಿತ್ರದಲ್ಲಿ ಬರುವುದು ಅದೇ ಮೊದಲ ಸಲ. ಇಷ್ಟು ಹೊತ್ತು ಬರೀ ಗಾಳಿ, ನೊಣ, ಹಲಗೆಯ ಸದ್ದು ಕೇಳಿಸಿ ನಮ್ಮ ಕಿವಿಯನ್ನು ಹಸಿವಿನಲ್ಲಿಟ್ಟು, ಅಲ್ಲಿ ಒಮ್ಮೆಗೇ ಸುರಿದದ್ದರಿಂದಲೇ ಆ ಸಂಗೀತಕ್ಕೆ ಅಷ್ಟು ಕ್ರೌರ್ಯ ಬಂದಿದೆ. ನಿಲ್ದಾಣದ ದೃಶ್ಯದ ನಿಜವಾದ ಫಲ ಈ ಕ್ಷಣದಲ್ಲಿ ಸಿಗುತ್ತದೆ.

ಬಯಲುದಾರಿ:

ಆ ಗಿಟಾರ್ ಜೊತೆಗೇ ಕ್ಯಾಮೆರಾ ಹಿಂದಿನಿಂದ ಸುತ್ತಿ ಬಂದು ಕೊಲೆಗಾರನ ಮುಖ ತೋರಿಸುತ್ತದೆ, ಅದು ಹೆನ್ರಿ ಫೋಂಡಾ. 1946ರಲ್ಲಿ ಫೋರ್ಡ್‌ನ ಚಿತ್ರದಲ್ಲಿ ವಯಟ್ ಅರ್ಪ್ ಆಗಿ ನ್ಯಾಯದ ಪ್ರತಿರೂಪವಾಗಿದ್ದ ಅದೇ ನೀಲಿ ಕಣ್ಣುಗಳು. ಸಂಗೀತ ಕಿವಿಗೆ ಸುರಿದರೂ ಎದೆ ಧಸಕ್ಕೆಂದದ್ದು ಆ ಮುಖದಿಂದ. ನಾದಲೋಲ ಅವರೇ, ನನ್ನ ಪಟ್ಟು ಸಡಿಲವಾಗಿಲ್ಲ.

ಕೊಡಚಾದ್ರಿ ನೋಟ:

ಎಲ್ಲರೂ ಲಿಯೋನೆಯ ಸುತ್ತಲೇ ಸುತ್ತುತ್ತಿದ್ದೀರಿ. ಸ್ಯಾಮ್ ಪೆಕಿನ್‌ಪಾ 1969ರಲ್ಲಿ ಮಾಡಿದ ‘ದ ವೈಲ್ಡ್ ಬಂಚ್’ ಆರಂಭ ನನ್ನ ನಿದ್ದೆ ಕೆಡಿಸಿದೆ. ಸೈನಿಕರ ಸಮವಸ್ತ್ರದಲ್ಲಿ ದರೋಡೆಕೋರರು ಊರಿನೊಳಗೆ ಬರುತ್ತಾರೆ. ದಾರಿಯ ಬದಿಯಲ್ಲಿ ಮಕ್ಕಳು ಕೆಂಪಿರುವೆಗಳ ರಾಶಿಗೆ ಚೇಳುಗಳನ್ನು ಹಾಕಿ ನಗುತ್ತಿದ್ದಾರೆ. ಹೆಸರು ಬಂದಾಗಲೆಲ್ಲ ಚಿತ್ರ ಹೆಪ್ಪುಗಟ್ಟಿ ಹಳೆಯ ಪತ್ರಿಕೆಯ ಕಪ್ಪು ಬಿಳುಪು ಅಚ್ಚಿನಂತಾಗುತ್ತದೆ, ಈ ಜನರ ಕಾಲ ಮುಗಿದು ಇವರು ಆಗಲೇ ಇತಿಹಾಸಕ್ಕೆ ಸೇರಿದ್ದಾರೆ ಎಂಬಂತೆ. ಬ್ಯಾಂಕಿನೊಳಗೆ ವಿಲಿಯಂ ಹೋಲ್ಡನ್, ಅಲುಗಾಡಿದರೆ ಕೊಂದುಬಿಡಿ ಎಂದು ತನ್ನವರಿಗೆ ಆಜ್ಞೆ ಮಾಡುತ್ತಾನೆ, ಆ ಚೌಕಟ್ಟು ನಿಂತು ಅದರ ಮೇಲೆ ನಿರ್ದೇಶಕನ ಹೆಸರು ಬರುತ್ತದೆ. ಆಮೇಲೆ ಮದ್ಯಪಾನ ವಿರೋಧಿಗಳ ಮೆರವಣಿಗೆಯ ನಡುವೆಯೇ ಗುಂಡಿನ ಮಳೆ. ಕೊನೆಗೆ ಮಕ್ಕಳು ಇರುವೆ, ಚೇಳು ಎರಡರ ಮೇಲೂ ಹುಲ್ಲು ಹಾಕಿ ಬೆಂಕಿ ಕೊಡುತ್ತಾರೆ. ಚೇಳಿನ ಕಲ್ಪನೆಯನ್ನು ಕೊಟ್ಟವರು ಆ ಚಿತ್ರದಲ್ಲಿ ಖಳನ ಪಾತ್ರ ಮಾಡಿದ ಮೆಕ್ಸಿಕೊದ ನಿರ್ದೇಶಕ ಎಮಿಲಿಯೊ ಫರ್ನಾಂಡಿಸ್. ಕಾಯಿಸುವುದೊಂದೇ ದಾರಿಯಲ್ಲ, ಇಲ್ಲಿ ಪ್ರೇಕ್ಷಕನಿಗೆ ಉಸಿರಾಡಲೂ ಬಿಡುವುದಿಲ್ಲ.

ಸಂಜೆಪದ:

ನನ್ನ ಮೆಚ್ಚಿನ ಆರಂಭ ರಾಬರ್ಟ್ ಆಲ್ಟ್‌ಮನ್‌ನ ‘ಮೆಕೇಬ್ ಅಂಡ್ ಮಿಸೆಸ್ ಮಿಲ್ಲರ್’ (1971). ಬಿಸಿಲು, ಧೂಳು, ಬೆವರು ಏನೂ ಇಲ್ಲ. ಜಡಿಮಳೆ, ಕೆಸರು, ಒದ್ದೆ ಮರಗಳು. ತುಪ್ಪಳದ ಕೋಟು ಹೊದ್ದ ಒಬ್ಬ ಏನೋ ಗೊಣಗಿಕೊಳ್ಳುತ್ತ ಕುದುರೆಯ ಮೇಲೆ ಬರುತ್ತಾನೆ, ಊರಿನ ಅಂಚಿನಲ್ಲಿ ಇಳಿದು ಕೋಟು ತೆಗೆದು ಬೌಲರ್ ಟೋಪಿ ಇಟ್ಟುಕೊಳ್ಳುತ್ತಾನೆ. ಊರೊಳಗೆ ಹೋಗುವ ಮುಂಚೆ ವೇಷ ಸರಿಮಾಡಿಕೊಳ್ಳುವವನು ವೀರನಲ್ಲ, ವ್ಯಾಪಾರಿ ಎಂದು ಅಲ್ಲೇ ತಿಳಿಯುತ್ತದೆ. ಛಾಯಾಗ್ರಾಹಕ ವಿಲ್ಮೊಸ್ ಜಿಗ್ಮಂಡ್ ಫಿಲ್ಮನ್ನು ಮೊದಲೇ ಸ್ವಲ್ಪ ಬೆಳಕಿಗೆ ಒಡ್ಡಿ ಅದರ ಬಣ್ಣಗಳನ್ನು ಮಂಕು ಮಾಡಿದ್ದರು, ಹೀಗಾಗಿ ಇಡೀ ಊರು ಹಳೆಯ ಫೋಟೊದಂತೆ ಕಾಣುತ್ತದೆ.

ನಾದಲೋಲ:

ಮೇಡಂ, ಅದೇ ಆರಂಭದ ಹಿಂದೆ ಲೆನಾರ್ಡ್ ಕೋಹೆನ್ ಹಾಡುತ್ತಿರುವುದನ್ನು ಬಿಟ್ಟಿದ್ದೀರಿ. ‘ಹೈ ನೂನ್’ಗೆ ಹಾಡು ಬೇಡ, ಇಲ್ಲಿ ಮಾತ್ರ ಬೇಕು ಎಂದರೆ ಹೇಗೆ?

ಸಂಜೆಪದ:

ಕೋಹೆನ್‌ನ ಹಾಡು ಮುಂದಿನ ಕಥೆಯನ್ನು ಹೇಳುವುದಿಲ್ಲ. ಜೂಜುಕೋರನಂಥ ಒಬ್ಬ ಅಪರಿಚಿತನನ್ನು ಕುರಿತು ಅದು ತನ್ನ ಪಾಡಿಗೆ ತಾನು ನಡೆಯುತ್ತದೆ, ದೃಶ್ಯ ಅದರ ಪಕ್ಕದಲ್ಲಿ ನಡೆಯುತ್ತದೆ. ಎರಡೂ ಒಂದನ್ನೊಂದು ವಿವರಿಸಲು ಹೋಗುವುದಿಲ್ಲ. ನನ್ನ ತಕರಾರು ಹಾಡಿನ ಮೇಲಲ್ಲ, ಕಥೆ ಒಪ್ಪಿಸುವ ಹಾಡಿನ ಮೇಲೆ.

ಮಲೆನಾಡ ಮಳೆ:

‘ಅನ್‌ಫರ್ಗಿವನ್’ (1992) ಕೂಡ ಕಥೆ ಒಪ್ಪಿಸುತ್ತದೆ, ಆದರೆ ಬರಹದಲ್ಲಿ. ಸಂಜೆಗೆಂಪಿನ ಎದುರು ಒಂದು ಮನೆ, ಒಂದು ಮರ, ಗುಂಡಿ ತೋಡುತ್ತಿರುವ ಒಬ್ಬ ಮನುಷ್ಯ, ಎಲ್ಲವೂ ಬರೀ ನೆರಳು. ಈ ಕೊಲೆಗಡುಕನನ್ನು ಮಗಳು ಯಾಕೆ ಮದುವೆಯಾದಳು ಎಂದು ಅವಳ ತಾಯಿಗೆ ಅರ್ಥವಾಗಲಿಲ್ಲ, ಅವಳು ಸತ್ತದ್ದು ಅವನ ಕೈಯಿಂದಲ್ಲ, 1878ರಲ್ಲಿ ಸಿಡುಬಿನಿಂದ ಎಂದು ತೆರೆಯ ಮೇಲೆ ಅಕ್ಷರಗಳು ಹೇಳುತ್ತವೆ. ಕ್ಲಿಂಟ್ ಈಸ್ಟ್‌ವುಡ್ ತಾನೇ ರಚಿಸಿದ ಗಿಟಾರಿನ ಸರಳವಾದ ಒಂದು ರಾಗ ಹಿಂದೆ ಇದೆ. ವೆಸ್ಟರ್ನ್ ನಾಯಕ ಮೊದಲ ಸಲ ಕಾಣಿಸುವುದು ಹೆಂಡತಿಯನ್ನು ಹೂಳುತ್ತಿರುವಾಗ, ಅದೂ ಮುಖವೇ ಕಾಣದಂತೆ. ಬಯಲುದಾರಿಯವರೇ, ನಿಮ್ಮ ಮುಖದ ಸಿದ್ಧಾಂತ ಇಲ್ಲಿ ಹೇಗೆ ನಿಲ್ಲುತ್ತದೆ?

ಬಯಲುದಾರಿ:

ಮುಖವನ್ನು ಮುಚ್ಚಿಡುವುದೂ ಮುಖದ ಬಳಕೆಯೇ. ಈಸ್ಟ್‌ವುಡ್‌ನ ಆ ಮುಖ ಮೂವತ್ತು ವರ್ಷದಿಂದ ಎಲ್ಲರಿಗೂ ಗೊತ್ತಿರುವುದರಿಂದಲೇ ಅದನ್ನು ಕತ್ತಲಲ್ಲಿ ಇಡಲು ಆದದ್ದು. ಯಾವ ಹೊಸ ನಟನಿಗೂ ಆ ನೆರಳು ಅಷ್ಟು ಭಾರವಾಗುತ್ತಿರಲಿಲ್ಲ.

ಹಳೇಪ್ರೊಜೆಕ್ಟರ್:

ಈ ವಾದಕ್ಕೆ ಇನ್ನೂ ಹಳೆಯ ಸಾಕ್ಷಿಯೊಂದನ್ನು ಒದಗಿಸುತ್ತೇನೆ. ಎಡ್ವಿನ್ ಪೋರ್ಟರ್ 1903ರಲ್ಲಿ ಎಡಿಸನ್ ಕಂಪನಿಗಾಗಿ ತೆಗೆದ ‘ದ ಗ್ರೇಟ್ ಟ್ರೇನ್ ರಾಬರಿ’ಯಲ್ಲಿ ಒಂದು ಶಾಟ್ ಇದೆ: ದರೋಡೆಕೋರನೊಬ್ಬ ನೇರವಾಗಿ ಕ್ಯಾಮೆರಾದ ಕಡೆ, ಅಂದರೆ ಪ್ರೇಕ್ಷಕರ ಕಡೆ, ಪಿಸ್ತೂಲು ಗುರಿಯಿಟ್ಟು ಹಾರಿಸುತ್ತಾನೆ. ಕಥೆಗೂ ಅದಕ್ಕೂ ಸಂಬಂಧವಿಲ್ಲ. ಆ ಶಾಟನ್ನು ಚಿತ್ರದ ಮೊದಲಿಗಾದರೂ ಹಾಕಬಹುದು, ಕೊನೆಗಾದರೂ ಹಾಕಬಹುದು ಎಂದು ಕಂಪನಿಯ ಕ್ಯಾಟಲಾಗ್ ಪ್ರದರ್ಶಕರಿಗೆ ತಿಳಿಸಿತ್ತು. ಮನಃಸ್ಥಿತಿಯನ್ನು ಮೊದಲೇ ಕಟ್ಟಬೇಕೋ, ಕೊನೆಯಲ್ಲಿ ಬೆಚ್ಚಿಬೀಳಿಸಬೇಕೋ ಎಂಬ ತೀರ್ಮಾನ ಪ್ರೊಜೆಕ್ಟರ್ ನಡೆಸುವವನ ಕೈಯಲ್ಲಿತ್ತು.

ಕತ್ತರಿಕೈ:

ಹಾಗಿದ್ದರೆ ಬಯಲುದಾರಿಯವರ ಬಳಗಕ್ಕೆ ನನ್ನದೊಂದು ಸಲಹೆ. ಆ ಚಿತ್ರ ಹನ್ನೆರಡು ನಿಮಿಷದಷ್ಟೇ ಇದೆ, ಹಕ್ಕುಸ್ವಾಮ್ಯದ ತೊಡಕೂ ಇಲ್ಲ. ಒಂದು ಗುಂಪಿಗೆ ಆ ಶಾಟನ್ನು ಮೊದಲು ಹಾಕಿ ತೋರಿಸಿ, ಇನ್ನೊಂದು ಗುಂಪಿಗೆ ಕೊನೆಯಲ್ಲಿ ಹಾಕಿ ತೋರಿಸಿ. ರೈಲು ದರೋಡೆಯ ಭಾಗ ಯಾವ ಗುಂಪಿಗೆ ಉದ್ದವೆನಿಸಿತು ಎಂದು ಕೇಳಿ ಇಲ್ಲಿ ಬರೆಯಿರಿ. ಮೊದಲು ಗುಂಡು ಕಂಡವರಿಗೆ ಅದು ಗಿಡ್ಡವೆನಿಸುತ್ತದೆ ಎಂದು ನನ್ನ ಊಹೆ.

ನಾದಲೋಲ:

ಅದು ಮೂಕಿ ಚಿತ್ರ. ಹಾರ್ಮೋನಿಯಂ ನುಡಿಸುವವರು ಯಾರಾದರೂ ಸಿಕ್ಕರೆ ಎರಡೂ ಪ್ರದರ್ಶನಕ್ಕೆ ಒಂದೇ ಸಂಗೀತ ಇರಲಿ, ಇಲ್ಲದಿದ್ದರೆ ಹೋಲಿಕೆ ಸರಿಯಾಗುವುದಿಲ್ಲ.

ಬಯಲುದಾರಿ:

ಸಲಹೆ ಒಪ್ಪಿಗೆಯಾಗಿದೆ. ಎರಡೂ ಗುಂಪಿಗೆ ಸಂಗೀತವಿಲ್ಲದೆಯೇ ತೋರಿಸುತ್ತೇವೆ, ನೋಟಕ್ಕೆ ಎಷ್ಟು ಬಲವಿದೆ ಎಂಬುದು ಆಗ ಗೊತ್ತಾಗುತ್ತದೆ.